ಹೇಳದೆ ಕೇಳದೆ ಆರುವ ಕಂಪ್ಯೂಟರು

ಕೆಟ್ಟುಹೋದ ವಸ್ತುವಿನ ಮೇಲೆ ನನಗೆ ಅಂಥ ಸಿಟ್ಟು ಬರುವುದಿಲ್ಲ. ಕೆಟ್ಟಿತು ಅಂದರೆ ಕೆಟ್ಟಿತು, ರಿಪೇರಿ ಮಾಡಿಸಬೇಕು, ಆಗದಿದ್ದರೆ ಎತ್ತಿ ಅಟ್ಟಕ್ಕೆ ಹಾಕಬೇಕು. ನನ್ನ ಜೀವ ತಿಂದದ್ದು ಕೆಟ್ಟ ಕಂಪ್ಯೂಟರಲ್ಲ. ಎಲ್ಲ ಸರಿಯಾಗಿದ್ದು, ಗಂಟೆಗಟ್ಟಲೆ ಸಾಧುವಿನಂತೆ ನಡೆದು, ನಾನು ಮೈಮರೆತ ಹೊತ್ತು ನೋಡಿ ಕೈಕೊಡುತ್ತಿದ್ದ ಕಂಪ್ಯೂಟರು. ಅದರ ಮುಂದೆ ಕೂತ ಆ ತಿಂಗಳುಗಳಲ್ಲಿ ನಾನು ಒಂದು ಲೋಟ ಚಹಾವನ್ನೂ ನೆಮ್ಮದಿಯಿಂದ ಕುಡಿಯಲಿಲ್ಲ.

ಎರಡು ಸಾವಿರದ ಇಸವಿಯ ಆಚೀಚೆಯ ಮಾತಿದು. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನಮ್ಮ ಮನೆ. ಇದ್ದವರು ಮೂವರೇ: ನಾನು, ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕೆಲಸಕ್ಕಿದ್ದ ನನ್ನ ಗಂಡ, ಮತ್ತು ಅವರ ತಾಯಿ, ಅಂದರೆ ನನ್ನ ಅತ್ತೆ. ಅತ್ತೆ ಬೆಳಿಗ್ಗೆ ಸಂಜೆ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಮಾವ ಬೇಗ ತೀರಿಕೊಂಡಿದ್ದರಿಂದ ಆ ರೊಟ್ಟಿಯ ಮೇಲೆಯೇ ಸಂಸಾರ ನಿಂತಿತ್ತು. ಮಗ ದುಡಿಯತೊಡಗಿದ ಮೇಲೂ ಅವರು ಬಿಡಲಿಲ್ಲ. "ಇನ್ನ ಸಾಕ ಬಿಡವಾ, ಮಂದಿ ಏನಂದಾರು" ಎಂದು ನನ್ನ ಗಂಡ ಆಗಾಗ ಹೇಳುವುದು, ಅತ್ತೆ ಕೇಳಿಸಲೇ ಇಲ್ಲವೆಂಬಂತೆ ಹಿಟ್ಟು ಸೋಸುವುದು, ಇದು ನಮ್ಮ ಮನೆಯಲ್ಲಿ ನಿತ್ಯದ ನಾಟಕವಾಗಿತ್ತು.

ನನ್ನ ತವರು ಕಮರಿಪೇಟೆ. ಅಲ್ಲಿದ್ದಾಗಲೇ ನಾನು ಕನ್ನಡ ಟೈಪಿಂಗ್ ಕಲಿತಿದ್ದೆ. ಮದುವೆಯಾಗಿ ಬೆಂಗೇರಿಗೆ ಬಂದ ಮೇಲೆ ಹಟ ಹಿಡಿದು ಒಂದು ಕಂಪ್ಯೂಟರು ಕೂಡಿಸಿಕೊಂಡೆ. ಧಾರವಾಡದಲ್ಲಿ ಪಿಎಚ್‌ಡಿ ಮಾಡುವವರಿಗೆ ಬರವೇ? ಅವರ ಕೈಬರಹದ ಪ್ರಬಂಧಗಳನ್ನು ಅಚ್ಚುಕಟ್ಟಾಗಿ ಟೈಪು ಮಾಡಿಕೊಡುವ ಕೆಲಸ ನನ್ನದು. ಒತ್ತಕ್ಷರ ತಪ್ಪದೆ, ಅಡಿಟಿಪ್ಪಣಿ ಜಾರದೆ ಮಾಡುತ್ತೇನೆಂಬ ಸಣ್ಣ ಹೆಸರು ಬಂದಿತ್ತು. ಆ ಹೆಸರಿನ ಮೇಲೆ ನನಗೆ ಬಹಳ ಜಂಬವಿತ್ತು ಎಂದು ಹೇಳಲು ನಾಚಿಕೆಯೇನಿಲ್ಲ. ನಮ್ಮ ಓಣಿಯಲ್ಲಿ ಹೆಸರಿದ್ದ ಹೆಂಗಸರೆಂದರೆ ನನ್ನ ಅತ್ತೆ ಒಬ್ಬರೇ, ಅದೂ ರೊಟ್ಟಿಯಿಂದ. ಎರಡನೆಯವಳು ನಾನಾಗಬೇಕು ಎಂಬ ಆಸೆ ನನಗೆ.

ಕಂಪ್ಯೂಟರಿಗೆ ಇದ್ದ ಜಾಗ ಒಂದೇ. ನಮ್ಮ ಅಡುಗೆಮನೆ ಮೊದಲು ಉದ್ದಕ್ಕೆ ದೊಡ್ಡದಿತ್ತಂತೆ. ನೆಲಕ್ಕೆ ಕೂತು ಏಳುವುದು ಅತ್ತೆಯ ಮೊಣಕಾಲಿಗೆ ಆಗದಾದಾಗ ಅದರ ಒಂದು ಬದಿಗೆ ಸೊಂಟದೆತ್ತರಕ್ಕೆ ಉದ್ದನೆಯ ಕಡಪಾ ಕಲ್ಲು ಹಾಸಿ, ನಿಂತೇ ರೊಟ್ಟಿ ಬಡಿಯುವಂತೆ ಮಾಡಿಸಿದ್ದರು. ಆಮೇಲೆ ಮಗನ ಮದುವೆ ಗೊತ್ತಾಯಿತು, ಇನ್ನೊಂದು ಕೋಣೆ ಬೇಕಾಯಿತು. ಅಡುಗೆಮನೆಯ ನಡುವೆ ತೆಳ್ಳಗೆ ಒಂದು ಗೋಡೆ ಎಬ್ಬಿಸಿದರು. ಅಷ್ಟು ಒಳ್ಳೆಯ ಕಲ್ಲನ್ನು ಕತ್ತರಿಸಲು ಮನಸ್ಸು ಬಾರದೆ ಗೋಡೆಯನ್ನು ಅದರ ಮೇಲೆಯೇ ಕಟ್ಟಿಸಿದ್ದರಿಂದ ಕಲ್ಲಿನ ಅರ್ಧ ಅಡುಗೆಮನೆಯಲ್ಲಿ ಉಳಿಯಿತು, ಅರ್ಧ ನಮ್ಮ ಕೋಣೆಗೆ ಬಂತು. ನಮ್ಮ ಅರ್ಧದ ಮೇಲೆ ಮಾನಿಟರು, ಅದರ ಪಕ್ಕದಲ್ಲಿ ಸಿಪಿಯು ಡಬ್ಬಿ, ಮುಂದೆ ಎತ್ತರದ ಸ್ಟೂಲಿನ ಮೇಲೆ ನಾನು.

ಆ ವರ್ಷ ನನ್ನ ಕೈಗೆ ಬಂದದ್ದು ಅದುವರೆಗಿನ ಎಲ್ಲಕ್ಕಿಂತ ದೊಡ್ಡ ಕೆಲಸ. ಧಾರವಾಡದ ಕಾಲೇಜೊಂದರ ಮೇಷ್ಟ್ರು, ತಲೆ ನರೆತವರು, ಹಳೆಯ ಶಾಸನಗಳ ಮೇಲೆ ಪ್ರಬಂಧ ಬರೆದಿದ್ದರು. ಸಲ್ಲಿಸುವ ಗಡುವು ಆಗಲೇ ಮುಂದೆ ಹೋಗಿ ಹೋಗಿ ಇನ್ನು ಹೋಗದ ಹಂತಕ್ಕೆ ಬಂದಿತ್ತು. ಇದೂ ತಪ್ಪಿದರೆ ಅವರ ನೋಂದಣಿಯೇ ರದ್ದು, ಅಷ್ಟು ವರ್ಷಗಳ ತಿರುಗಾಟ ನೀರುಪಾಲು. ಹಸ್ತಪ್ರತಿಯ ಗಂಟನ್ನು ತಂದು ನನ್ನ ಮುಂದಿಟ್ಟರು.

"ಇದಷ್ಟು ದಾಟಿಸಿಬಿಡ್ರಿ ತಂಗಿ, ನಿಮ್ಮ ಮ್ಯಾಲೆ ಬಿಟ್ಟೇನಿ" ಎಂದರು.

"ನೀವು ಚಿಂತಿ ಬಿಡ್ರಿ ಸರ್" ಎಂದು ನಾನು ಭಾರಿ ಧೈರ್ಯದಿಂದ ಹೇಳಿ ಕಳಿಸಿದೆ. ಅವರು ಹೋದ ಮೇಲೆ ಚಿಂತೆ ಪೂರ್ತಿ ನನ್ನ ಕಡೆ ಬಂತು.

ಮೊದಲನೆಯ ಅಧ್ಯಾಯ ಸರಾಗವಾಗಿ ಮುಗಿಯಿತು. ಎರಡನೆಯದರ ನಡುವೆ, ದಾನಶಾಸನವೊಂದರ ಸಾಲನ್ನು ಹಾಕುತ್ತಿದ್ದಾಗ, ಪರದೆ ಥಟ್ಟನೆ ಕಪ್ಪಾಯಿತು. ಒಂದು ಕ್ಷಣ ಬಿಟ್ಟು ಡಬ್ಬಿ ಬೀಪ್ ಎಂದು ತಾನೇ ಎದ್ದು ಕೂತಿತು, ಏನೂ ಆಗಿಲ್ಲವೆಂಬಂತೆ. ನಾನು ಬೆಳಗಿನಿಂದ ಕುಟ್ಟಿದ್ದು ಹೋಗಿತ್ತು. ಕರೆಂಟ್ ಕಣ್ಣು ಮಿಟುಕಿಸಿರಬೇಕು ಎಂದುಕೊಂಡೆ. ಮರುದಿನ ಮತ್ತೆ ಆಯಿತು. ಅದರ ಮರುದಿನ ಅಮಾವಾಸ್ಯೆ, ಮನೆಯಲ್ಲಿ ಹೋಳಿಗೆ. ಅಂದು ದಿನವಿಡೀ ಸುಸೂತ್ರ. ಅದರಾಚೆಯ ದಿನ ಒಂದೇ ಬೆಳಗಿನಲ್ಲಿ ಮೇಲಿಂದ ಮೇಲೆ ಸತ್ತು ಬದುಕಿತು. ಒಮ್ಮೆ ಪರದೆ ಕಪ್ಪಾದರೆ ಒಮ್ಮೆ ನೀಲಿಯಾಗಿ ಬಿಳಿ ಅಕ್ಷರದಲ್ಲಿ ಏನೇನೋ ಗೊಣಗುತ್ತಿತ್ತು, ಇನ್ನೊಮ್ಮೆ ಸುಮ್ಮನೆ ಕಲ್ಲಾಗಿ ನಿಂತುಬಿಡುತ್ತಿತ್ತು.

ಆಗ ಶುರುವಾಯಿತು ನನ್ನ ಚಡಪಡಿಕೆ. ಕರೆಂಟಿನದೇ ಕಾಟವೆಂದು ಯುಪಿಎಸ್ ತರಿಸಿದೆ. ಅದು ಕರೆಂಟ್ ಹೋದಾಗ ಕುಂಯ್ ಎಂದು ಅಳುತ್ತಿತ್ತು, ಕಂಪ್ಯೂಟರು ಕರೆಂಟ್ ಇದ್ದಾಗಲೇ ಸಾಯುತ್ತಿತ್ತು. ಸೆಕೆಯಿಂದ ಇರಬೇಕೆಂದು ಡಬ್ಬಿಯ ಒಂದು ಬದಿಯ ತಗಡು ಬಿಚ್ಚಿ ಟೇಬಲ್ ಫ್ಯಾನ್ ತಿರುಗಿಸಿಟ್ಟೆ. ಮೇಷ್ಟ್ರ ಹಾಳೆಗಳು ಕೋಣೆಯ ತುಂಬ ಹಾರಾಡಿದವೇ ಹೊರತು ಬೇರೇನೂ ಆಗಲಿಲ್ಲ. ಪಕ್ಕದ ಮನೆಯವರು ಬಂದು ನೋಡಿ, ದೃಷ್ಟಿ ತಾಕಿದೆ, ಲಿಂಬೆಹಣ್ಣು ಕಟ್ಟು ಎಂದರು. ಅದನ್ನೂ ಕಟ್ಟಿದೆ. ಮುಳುಗುವವಳಿಗೆ ಲಿಂಬೆಹಣ್ಣಾದರೂ ಸರಿ.

ಒಂದು ಸಾಲು ಟೈಪು ಮಾಡುವುದು, ಸೇವ್ ಒತ್ತುವುದು. ಇನ್ನೊಂದು ಸಾಲು, ಮತ್ತೆ ಸೇವ್. ಫ್ಲಾಪಿಗೊಂದು ಪ್ರತಿ, ಆ ಫ್ಲಾಪಿಯ ಮೇಲೂ ನಂಬಿಕೆಯಿಲ್ಲದೆ ಇನ್ನೊಂದು ಫ್ಲಾಪಿಗೆ ಇನ್ನೊಂದು ಪ್ರತಿ. ಹೀಗೆ ಮಾಡಿದರೆ ಕೆಲಸ ಎಲ್ಲಿ ಸಾಗುತ್ತದೆ? ಕೂತಲ್ಲಿ ಕೂರಲಾರೆ, ಎದ್ದಲ್ಲಿ ನಿಲ್ಲಲಾರೆ. ಗಂಡ ಏನಾದರೂ ಕೇಳಿದರೆ ಹರಿಹಾಯುತ್ತಿದ್ದೆ. ಗೋಡೆಯ ಆಚೆಯಿಂದ ಅತ್ತೆ "ಊಟಕ್ಕ ಬಾ" ಎಂದರೆ, ಬಂದೆ ಬಂದೆ ಎಂದು ರೇಗುತ್ತಿದ್ದೆ. ಅವರು ನನ್ನ ಕೆಲಸದ ಬಗ್ಗೆ ಒಳ್ಳೆಯದನ್ನೂ ಕೆಟ್ಟದ್ದನ್ನೂ ಆಡುವವರಲ್ಲ. ಆ ಮೌನವೂ ನನಗೆ ಚುಚ್ಚುತ್ತಿತ್ತು.

ಕೇಶ್ವಾಪುರದಲ್ಲಿ ಕಂಪ್ಯೂಟರು ರಿಪೇರಿಯ ಅಂಗಡಿಯಿತ್ತು. ಡಬ್ಬಿಯನ್ನು ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದೆ. ರಿಪೇರಿಯಾತ ಅದರೊಳಗಿನ ಪಟ್ಟಿಗಳನ್ನು ಕಿತ್ತು, ಅಕ್ಷರ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಚುಚ್ಚಿದ. ವೈರಸ್ ಇರಬಹುದೆಂದು ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿದ. ದಿನವೆಲ್ಲ ತನ್ನ ಅಂಗಡಿಯಲ್ಲಿ ಓಡಿಸಿಟ್ಟ. ಒಮ್ಮೆಯೂ ಆರಲಿಲ್ಲ. "ಏನೂ ಆಗಿಲ್ರಿ ಅಕ್ಕಾರ, ಕುದರಿ ಓಡಿದಂಗ ಓಡ್ತದ" ಎಂದು ಕೊಟ್ಟ. ಮನೆಗೆ ತಂದ ಸಂಜೆಯೇ ಕುದುರೆ ಮುಗ್ಗರಿಸಿತು. ಮತ್ತೆ ಆಟೋ, ಮತ್ತೆ ಕೇಶ್ವಾಪುರ, ಅಲ್ಲಿ ಮತ್ತೆ ಕುದುರೆ.

"ನಿಮ್ಮ ಮನ್ಯಾಗ ನೋಡಿದ್ರನ ತಿಳೀತದ" ಎಂದು ಕೊನೆಗೆ ಒಂದು ಬೆಳಿಗ್ಗೆ ಆತನೇ ಬಂದ.

ಅಷ್ಟರಲ್ಲಿ ಗಡುವು ಹತ್ತಿರ ಬಂದಿತ್ತು. ಕೊನೆಯ ಅಧ್ಯಾಯಗಳು, ಅನುಬಂಧ, ಗ್ರಂಥಸೂಚಿ ಎಲ್ಲ ಬಾಕಿ. ಹಿಂದಿನ ದಿನ ಮೇಷ್ಟ್ರು ಧಾರವಾಡದಿಂದ ಬಸ್ಸಿನಲ್ಲಿ ಬಂದು, ಏನೂ ಕೇಳದೆ, ನೀರು ಕುಡಿದು ಹೋಗಿದ್ದರು. ಬೈದಿದ್ದರೆ ಚೆನ್ನಾಗಿತ್ತು.

ರಿಪೇರಿಯಾತ ಬಂದೊಡನೆ ಅತ್ತೆ ಎಂದಿನಂತೆ ಕೈಯ ಹಿಟ್ಟು ತೊಳೆದುಕೊಂಡು, ಸೆರಗು ಸರಿಮಾಡಿ, ತಂಬಿಗೆಯಲ್ಲಿ ನೀರು ತಂದಿಟ್ಟರು. ಮನೆಗೆ ಯಾರು ಬಂದರೂ ಅವರು ರೊಟ್ಟಿ ನಿಲ್ಲಿಸಿಬಿಡುತ್ತಿದ್ದರು. ಬಂದವರು ಮಾತಾಡುವಾಗ ಒಳಗೆ ಪಟಪಟ ಬಡಿಯುತ್ತ ನಿಲ್ಲುವುದು ಅವರ ಪ್ರಕಾರ ಬಂದವರನ್ನು ಎದ್ದು ಹೋಗು ಎಂದ ಹಾಗೆ. ಕಲಸಿದ ಹಿಟ್ಟು ಒಣಗಿದರೂ ಚಿಂತೆಯಿಲ್ಲ, ಬಂದವರು ಹೊಸ್ತಿಲು ದಾಟುವ ತನಕ ಅವರ ಕೈ ಏಳದು. ನಮ್ಮ ಕಡೆಯ ಹಳೆಯ ಹೆಂಗಸರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ.

ಆತ ಕೂತ. ನಾನು ಟೈಪು ಮಾಡಿ ತೋರಿಸಿದೆ. ಆತ ಮಾಡಿದ. ದೊಡ್ಡ ದೊಡ್ಡ ಕಡತ ತೆರೆದ, ಮುಚ್ಚಿದ. ಚಹಾ ಬಂತು, ಅವಲಕ್ಕಿ ಬಂತು. ಕಂಪ್ಯೂಟರು ಗುಲಗಂಜಿಯಷ್ಟೂ ಅಲುಗಲಿಲ್ಲ. ನನಗೆ ಅಳು ಬರುವಂತಾಯಿತು. ರೋಗಿಯನ್ನು ಡಾಕ್ಟರ ಮುಂದೆ ಕೂರಿಸಿದರೆ ಅವನು ನಕ್ಕ ಹಾಗೆ.

"ತಪ್ಪ ತಿಳೀಬ್ಯಾಡ್ರಿ ಅಕ್ಕಾರ" ಎಂದ ಆತ ಎದ್ದು ನಿಂತು, "ಮಷೀನ್ ಛಲೋ ಅದ. ಟೈಪ್ ಮಾಡೂ ಮುಂದ ನೀವ ಏನರ ಬ್ಯಾರೇ ಒತ್ತಾಕತ್ತಿರಬೇಕು, ನೋಡ್ಕೋರಿ."

ಹೆಣ್ಣುಮಕ್ಕಳಿಗೆ ಮಷೀನು ತಿಳಿಯದೆಂಬ ಮಾತನ್ನು ಇಷ್ಟು ಮರ್ಯಾದೆಯಿಂದ ಯಾರೂ ಹೇಳಿರಲಿಲ್ಲ. ನಾನು ಪರದೆಯ ಕಡೆ ತಿರುಗಿದೆ. ಆತ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ಬೂಟಿನ ಲೇಸು ಕಟ್ಟತೊಡಗಿದ. ಬಂದವರು ಹೊಸ್ತಿಲು ದಾಟಿದರಲ್ಲ, ಅತ್ತೆ ಒಳಗೆ ಹೋಗಿ ಹಿಟ್ಟಿಗೆ ಕೈ ಹಾಕಿದರು. ಗೋಡೆಯ ಆಚೆ ಪಟ್, ಪಟ್, ಪಟ್ ಎಂದು ಶುರುವಾಯಿತು. ಅದು ನನಗೆ ಸಪ್ಪಳವೇ ಆಗಿರಲಿಲ್ಲ. ಮದುವೆಯಾದ ಹೊಸತರಲ್ಲಿ ಕೇಳಿಸುತ್ತಿತ್ತು, ಆಮೇಲೆ ಯಾವಾಗಲೋ ಕೇಳಿಸುವುದು ನಿಂತಿತ್ತು.

ಪರದೆ ಕಪ್ಪಾಯಿತು.

"ಬರ್ರೀ! ಲಗೂ ಬರ್ರೀ! ಹೋತು ನೋಡ್ರಿ!" ಎಂದು ನಾನು ಓಣಿಗೆಲ್ಲ ಕೇಳುವಂತೆ ಕೂಗಿದೆ. ಆತ ಒಂದೇ ಬೂಟಿನಲ್ಲಿ ಕುಂಟುತ್ತ ಓಡಿ ಬಂದ. ಆತ ಒಳಗೆ ಬಂದದ್ದನ್ನು ಕಂಡು ಅತ್ತೆ ಬಡಿಯುವುದನ್ನು ನಿಲ್ಲಿಸಿದರು. ಕಂಪ್ಯೂಟರು ಬೀಪ್ ಎಂದು ಎದ್ದು ಮತ್ತೆ ಸಾಧುವಾಯಿತು. ನಾವಿಬ್ಬರೂ ಅದನ್ನೇ ನೋಡುತ್ತ ನಿಂತೆವು. ಏನೂ ಆಗಲಿಲ್ಲ.

ಆಗ ಅತ್ತೆ ಬಾಗಿಲಲ್ಲಿ ಬಂದು ನಿಂತರು. ಕೈಗೆಲ್ಲ ಹಿಟ್ಟು. ಇಬ್ಬರನ್ನೂ ನೋಡದೆ ನೆಲ ನೋಡುತ್ತ ಹೇಳಿದರು: "ನಾ ಒಳಗ ಹೋಗಿ ಮತ್ತ ಬಡೀತೇನಿ. ನೀವು ಅದನ್ನ ನೋಡ್ಕೋತ ಇರ್ರಿ."

ಒಳಗೆ ಹೋದರು. ಬಡಿದರು. ಮೊದಲು ಮೆಲ್ಲಗೆ, ಆಮೇಲೆ ಅಂಗೈ ಬಿಚ್ಚಿ ಗಟ್ಟಿಯಾಗಿ. ಪರದೆ ನೀಲಿಯಾಯಿತು. ರಿಪೇರಿಯಾತ ಕಲ್ಲಿನ ಮೇಲೆ ಕೈಯಿಟ್ಟು ನೋಡಿದ, ಆಮೇಲೆ ನನ್ನ ಕೈಯನ್ನೂ ಇಡಲು ಹೇಳಿದ. ಒಂದೊಂದು ಪೆಟ್ಟೂ ಗೋಡೆಯ ಬುಡದಿಂದ ಹಾದು ನನ್ನ ಅಂಗೈಗೆ ಬರುತ್ತಿತ್ತು. ಡಬ್ಬಿ ಬಿಚ್ಚಿ ಟಾರ್ಚ್ ಹಿಡಿದು ಹುಡುಕಿದಾಗ ಕಂಡಿತು: ಮೆಮರಿಯ ಪಟ್ಟಿಯನ್ನು ಹಿಡಿದಿಡುವ ಕೊಂಡಿ ಒಂದು ಕಡೆ ಸೀಳಿತ್ತು. ಪಟ್ಟಿ ಕೂತಂತೆ ಕಾಣುತ್ತಿತ್ತು, ಆದರೆ ನಡುಗಿದರೆ ಕೂದಲೆಳೆಯಷ್ಟು ಏಳುತ್ತಿತ್ತು. ಅಂಗಡಿಯಲ್ಲಿ ರೊಟ್ಟಿ ಬಡಿಯುವವರು ಯಾರಿದ್ದರು? ಮನೆಯಲ್ಲಿ ಆತ ಇರುವಷ್ಟು ಹೊತ್ತು ಬಡಿಯುವವರು ಯಾರಿದ್ದರು?

ಕೊಂಡಿ ಸಮೇತ ಬೋರ್ಡನ್ನೇ ಬದಲಿಸಬೇಕು, ಅದು ಬೆಂಗಳೂರಿನಿಂದ ಬರಬೇಕು, ಅದಕ್ಕೆ ದಿನ ಹಿಡಿಯುತ್ತದೆ ಎಂದ. ಸದ್ಯಕ್ಕೆ ದಾರದಿಂದ ಬಿಗಿದು ಕಟ್ಟಿದ. "ನಡುಗಬಾರ್ದು ನೋಡ್ರಿ, ಅಷ್ಟ" ಎಂದು ಹೇಳಿ ಎರಡನೆಯ ಬೂಟು ಹುಡುಕಿಕೊಂಡು ಹೋದ.

ಆತ ಹೋದ ಮೇಲೆ ನಾನು ಅಡುಗೆಮನೆಗೆ ಹೋದೆ. ಅತ್ತೆ ಬುಟ್ಟಿಯ ಮೇಲೆ ಬಟ್ಟೆ ಹೊದಿಸಿ ಸುಮ್ಮನೆ ನಿಂತಿದ್ದರು. ಹಂಚು ಖಾಲಿ ಕಾಯುತ್ತಿತ್ತು.

"ನಿಮಗ ಗೊತ್ತಿತ್ತೇನ್ರಿ?" ಎಂದೆ.

"ಖರೇ ಗೊತ್ತಿರಲಿಲ್ಲ. ಸಂಶೇ ಬಂದಿತ್ತು. ನಾ ಬಡಿಯೂ ಮುಂದನ ನೀ ಅಯ್ಯೋ ಅಂತಿದ್ದಿ" ಎಂದರು. "ಅದಕ್ಕ ಈಗೀಗ ಹಗೂರಕ ಬಡ್ಯಾಕತ್ತಿದ್ದೆ. ರೊಟ್ಟಿ ದಪ್ಪ ಬರ್ತಾವಂತ ಖಾನಾವಳಿಯವರು ಬೈದು ಹೋದ್ರು."

ನನಗೆ ಸಿಟ್ಟು ನೆತ್ತಿಗೇರಿತು. ಮೇಷ್ಟ್ರು ನೀರು ಕುಡಿದು ಎದ್ದು ಹೋದದ್ದು ಕಣ್ಣಿಗೆ ಬಂತು. "ಒಂದು ಮಾತ ಹೇಳಬಾರದಾಗಿತ್ತೇನ್ರಿ ಅತ್ತೀ? ನಾ ಇಲ್ಲಿ ಹುಚ್ಚಿ ಆಗಾಕತ್ತಿದ್ದೆ!"

"ಹೇಳಿದ್ರ ರೊಟ್ಟಿ ಬಿಡು ಅಂತಿದ್ರಿ."

"ಯಾರು?"

"ಇಬ್ರೂ" ಎಂದರು ಅತ್ತೆ.

ಅವರು ಒಲೆ ಆರಿಸಿದರು. ಆ ದಿನ ಮತ್ತೆ ಬಡಿಯಲಿಲ್ಲ, ಖಾನಾವಳಿಯ ಹುಡುಗ ಅರ್ಧ ಗಂಟು ಒಯ್ದ. ನಾನು ಕೋಣೆಗೆ ಬಂದು ಟೈಪು ಮಾಡಿದೆ. ಮನೆಯಲ್ಲಿ ಸಪ್ಪಳವೇ ಇಲ್ಲ, ಕಂಪ್ಯೂಟರು ಒಮ್ಮೆಯೂ ಆರಲಿಲ್ಲ, ಕೆಲಸ ಎಷ್ಟೋ ದಿನಗಳ ಮೇಲೆ ಸಾಗಿತು. ಆದರೂ ಪುಟ ಮುಗಿದಾಗೆಲ್ಲ ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ಇಣುಕುತ್ತಿದ್ದೆ. ಅತ್ತೆ ಕಲ್ಲಿನ ಪಕ್ಕದಲ್ಲಿ ಕೈ ಕಟ್ಟಿ ನಿಂತಿರುತ್ತಿದ್ದರು, ಬೇರೆಯವರ ಮನೆಯಲ್ಲಿ ನಿಂತ ಹಾಗೆ.

ಸಂಜೆ ನನ್ನ ಗಂಡ ಬಂದು ಎಲ್ಲ ಕೇಳಿ ದೊಡ್ಡದಾಗಿ ನಕ್ಕರು. ನಗು ಮುಗಿದ ಮೇಲೆ ಹೇಳಿದರು: "ಛಲೋನ ಆತು ಬಿಡು. ಅವ್ವಾ, ಇನ್ನರ ಸಾಕ ಮಾಡು. ಈಕೀ ಕೆಲಸ ಕೆಡಿಸಿ ರೊಟ್ಟಿ ಯಾಕ ಬಡೀಬೇಕು? ನಾಳಿಂದ ಖಾನಾವಳಿಯವರಿಗೆ ಇಲ್ಲ ಅಂತ ಹೇಳಿಬಿಡ್ತೇನಿ."

ಎಂದಿನಂತೆ ಅತ್ತೆ ಕೇಳಿಸಲಿಲ್ಲವೆಂಬಂತೆ ಎದ್ದು ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ಮಗನ ಮುಖವನ್ನೂ ನೋಡಲಿಲ್ಲ. ನನ್ನನ್ನು ನೋಡಿದರು.

ಹೂಂ ಅನ್ನಬೇಕೆಂದು ನನಗೆ ಬಹಳ ಅನ್ನಿಸಿತು. ಗಡುವು ಕತ್ತಿನ ಮೇಲಿತ್ತು. ಆ ಒಂದು ದಿನದ ನಿಶ್ಶಬ್ದದಲ್ಲಿ ಎಷ್ಟು ಪುಟ ಮುಗಿದಿದ್ದವು! ಗಡುವು ಮುಗಿಯುವ ತನಕ ಮಾತ್ರ ನಿಲ್ಲಿಸಿರಿ ಎಂದರೂ ಸಾಕಿತ್ತು. ಆದರೆ ಒಮ್ಮೆ ನಿಲ್ಲಿಸಿದರೆ ಈ ಮನೆಯಲ್ಲಿ ಅದು ಮತ್ತೆ ಶುರುವಾಗದೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾಳೆ ನನಗೆ ಕೂಸು ಹುಟ್ಟಿದರೆ, ಅಥವಾ ಇನ್ನೊಂದು ಕೋಣೆ ಬೇಕಾದರೆ, ಇದೇ ಗಂಡ ಇದೇ ನಗುವಿನಲ್ಲಿ ನನಗೂ ಸಾಕು ಬಿಡು ಅನ್ನುತ್ತಾರೆ. ಆಗ ನಾನು ಯಾರ ಮುಖ ನೋಡಲಿ?

"ರೊಟ್ಟಿ ನಿಲ್ಲೂದಿಲ್ಲ" ಎಂದೆ. "ಕಂಪ್ಯೂಟರ ಇಳಸೂಣು."

"ಎಲ್ಲಿ ಇಡ್ತಿ? ಜಾಗಾ ಎಲ್ಲೈತಿ?" ಎಂದರು ಗಂಡ.

"ನನ್ನ ತಲೀ ಮ್ಯಾಲೆ" ಎಂದೆ.

ಪ್ರಬಂಧ ಗಡುವಿಗೆ ಮುಂಚೆಯೇ ಧಾರವಾಡ ಮುಟ್ಟಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಮೇಷ್ಟ್ರಿಗೆ ಪದವಿಯೂ ಬಂತು. ಆದರೆ ನನಗೆ ನೆನಪಿರುವುದು ಆ ದಿನಗಳಲ್ಲ, ಮಾರನೆಯ ಬೆಳಗು.

ಮಾರನೆಯ ಬೆಳಿಗ್ಗೆ ನಾನು ಡಬ್ಬಿಯನ್ನು ಕಲ್ಲಿನ ಮೇಲಿಂದ ಎತ್ತಿ ನೆಲಕ್ಕಿಳಿಸಿದೆ. ಬರಿ ನೆಲಕ್ಕೆ ಇಡಲು ಧೈರ್ಯ ಸಾಲದೆ ನಿಂತಿದ್ದಾಗ ಅತ್ತೆ ಪೆಟ್ಟಿಗೆಯೊಳಗಿಂದ ತಾವೇ ಹೊಲಿದ ಹಳೆಯ ಕೌದಿಯೊಂದನ್ನು ತಂದು, ನಾಲ್ಕು ಮಡಿಕೆ ಮಾಡಿ ಹಾಸಿದರು. ಅದರ ಮೇಲೆ ಡಬ್ಬಿ ಕೂತಿತು. ತಂತಿಗಳು ಮೇಲಿನ ಮಾನಿಟರಿಗೆ ಹೇಗೋ ಎಳೆದುಕೊಂಡು ಮುಟ್ಟಿದವು. ನಾನು ಚಾಲೂ ಮಾಡಿ ಕೂತೆ. ಅತ್ತೆ ಗೋಡೆಯ ಆಚೆ ಹೋದರು.

ಪಟ್ ಎಂದು ಒಂದು ಪೆಟ್ಟು, ಬಹಳ ಮೆಲ್ಲಗೆ. ಆಮೇಲೆ ಸುಮ್ಮನಾದರು.

"ಜೋರಾಗಿ ಬಡೀರಿ ಅತ್ತೀ" ಎಂದು ನಾನು ಕೂಗಿದೆ. "ಹೋದ್ರ ಹೋಗ್ಲಿ. ಬಡೀರಿ."

ಬಡಿದರು. ಎಷ್ಟೋ ದಿನ ತಡೆದು ಹಿಡಿದದ್ದೆಲ್ಲ ಆ ಕೈಯಲ್ಲಿತ್ತು. ಕಲ್ಲಿನ ಮೇಲಿದ್ದ ನನ್ನ ಪೆನ್ನು ಉರುಳಿ ಕೆಳಗೆ ಬಿತ್ತು, ಮಾನಿಟರಿನ ಗಾಜು ಝುಮ್ಮೆಂದಿತು. ಪರದೆಯ ಮೇಲೆ ಅಕ್ಷರಗಳು ಇದ್ದಲ್ಲೇ ಇದ್ದವು.

"ನಡದೈತೇನ?" ಎಂದು ಗೋಡೆಯ ಆಚೆಯಿಂದ ಕೇಳಿದರು.

"ನಡದೈತ್ರಿ" ಎಂದೆ.

ಹಂಚಿನ ಮೇಲೆ ರೊಟ್ಟಿ ಬಿದ್ದ ಚುರ್ ಎಂಬ ಸದ್ದು ಬಂತು. ಇನ್ನೊಂದು ರೊಟ್ಟಿ ಬಡಿದರು. ಮತ್ತೆ ಕೇಳಿದರು, "ನಡದೈತೇನ?" ನಾನು ಟೈಪು ಮಾಡುತ್ತಲೇ ಹೇಳಿದೆ, "ನಡದೈತ್ರಿ." ಮದುವೆಯಾಗಿ ಬಂದಂದಿನಿಂದ ಅವರು ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಮಾತು ಅದು. ಕಲಸಿದ ಹಿಟ್ಟು ತೀರುವ ತನಕ ಒಂದೊಂದು ರೊಟ್ಟಿಗೂ ಕೇಳಿದರು, ಒಂದೊಂದಕ್ಕೂ ನಾನು ಉತ್ತರ ಕೊಟ್ಟೆ.